ಊರಿನ ಕೇಸು ನೋಡಲು ಹಾಸನ ಕೋರ್ಟಿಗೆ ಹೋಗುವುದು ಹೇಗೆ, ಜಗಳಕ್ಕೆ ಬರುವವರಿಗೆ ತಲೆ ಕೊಡದೆ

ಒಂದೇ ತಪ್ಪು ಪದೇ ಪದೇ ಆಗುತ್ತಿದೆ. ಊರಿನ ಕೆರೆಯದ್ದೋ, ಗೋಮಾಳದ್ದೋ, ಪಂಚಾಯಿತಿ ದುಡ್ಡಿನದ್ದೋ ಒಂದು ಕೇಸು ಕೋರ್ಟಿನಲ್ಲಿರುತ್ತದೆ. ಆಸಕ್ತಿ ಇರುವ ಒಂದಿಬ್ಬರು ಬೆಳಿಗ್ಗೆ ಬಸ್ ಹತ್ತಿ ಹಾಸನಕ್ಕೆ ಬರುತ್ತಾರೆ. ಯಾವ ಹಾಲ್ ಅಂತ ಗೊತ್ತಿರುವುದಿಲ್ಲ. ಕೇಸು ಕೂಗಿದ್ದು ಕೇಳಿಸುವುದಿಲ್ಲ. ಟೀ ಅಂಗಡಿಯಲ್ಲಿ ಯಾರೋ ಹೇಳಿದ್ದನ್ನೇ ಊರಿಗೆ ಹೊತ್ತುಕೊಂಡು ಹೋಗಿ, ಸಂಜೆ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ, ಎದುರು ಪಾರ್ಟಿಯವನ ತಮ್ಮ ಕೆಂಡವಾಗುತ್ತಾನೆ, ರಾತ್ರಿ ಹೊತ್ತಿಗೆ ಕೆರೆ ಮರೆತುಹೋಗಿ ಇವರ ಜಗಳವೇ ಊರ ಸುದ್ದಿಯಾಗಿರುತ್ತದೆ.

ಕೇಸು ತಿಳಿದುಕೊಳ್ಳುವುದು, ಜಗಳಗಂಟರಿಂದ ತಲೆ ಕೆಡಿಸಿಕೊಳ್ಳದೆ ಇರುವುದು ಎರಡು ಬೇರೆ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ನಮಗೆ ಗೊತ್ತಿರುವುದಕ್ಕಿಂತ ಜಾಸ್ತಿ ಮಾತಾಡಿದಾಗಲೇ ಅವರ ಮಾತು ನಮಗೆ ನಾಟುವುದು. ಕೋರ್ಟಿನ ಹಾಳೆಯಲ್ಲಿ ಇರುವಷ್ಟನ್ನೇ ಹೇಳುವವನನ್ನು ಕೆಣಕಿ ಪ್ರಯೋಜನವಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ಐದನೆಯದನ್ನು ಮೊದಲು ಮಾಡಿ ಕೆಡಿಸಿಕೊಳ್ಳುತ್ತಾರೆ.

ಉದಾಹರಣೆಗೆ ದುದ್ದ ಹೋಬಳಿಯ ಒಂದು ಕೆರೆ ಅಂದುಕೊಳ್ಳೋಣ. ಕೆರೆ ಅಂಗಳವನ್ನು ಒಬ್ಬರು ಒತ್ತುವರಿ ಮಾಡಿದ್ದಾರೆ ಅಂತ ಪಂಚಾಯಿತಿ ನೋಟಿಸ್ ಕೊಟ್ಟಿದೆ. ಅವರು 'ನನ್ನ ಸ್ವಾಧೀನಕ್ಕೆ ಅಡ್ಡಿ ಮಾಡಬಾರದು' ಅಂತ ಪಂಚಾಯಿತಿ ಮೇಲೆ ದಾವೆ ಹಾಕಿದ್ದಾರೆ. ಊರೆಲ್ಲ 'ಕೇಸು ಅವರ ಕಡೆಗೇ ಆಯ್ತಂತೆ' ಅನ್ನುತ್ತಿದೆ.

ಶುರು ಮಾಡುವ ಮುನ್ನ: ಇದು ಊರ ವಿಷಯವೋ, ಮನೆ ವಿಷಯವೋ?

ಊರ ನೆಲ, ಊರ ನೀರು, ಊರ ದುಡ್ಡು, ಇಲ್ಲವೇ ಊರವರು ಆರಿಸಿ ಕಳಿಸಿದವರು. ಇದರಲ್ಲಿ ಒಂದಾದರೂ ಕೇಸಿನಲ್ಲಿ ಇದ್ದರೆ ನಿಮ್ಮ ಆಸಕ್ತಿಗೆ ಅರ್ಥವಿದೆ. ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವಿಚ್ಛೇದನ ಊರ ವಿಷಯವಲ್ಲ, ಎಷ್ಟೇ ರುಚಿಯಾಗಿರಲಿ. ಹಿಂದೂ ವಿವಾಹ ಕಾಯ್ದೆಯ ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯಬೇಕು, ಅದನ್ನು ಅಚ್ಚು ಹಾಕುವುದೂ ತಪ್ಪು. ಅತ್ಯಾಚಾರ ಮತ್ತು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳ ವಿಚಾರಣೆಗೂ ಹೊರಗಿನವರಿಗೆ ಪ್ರವೇಶವಿಲ್ಲ. ಉಳಿದಂತೆ ನ್ಯಾಯಾಲಯ ತೆರೆದ ಬಾಗಿಲಿನದೇ. ಕ್ರಿಮಿನಲ್ ಕೇಸಿಗೆ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮು, ಸಿವಿಲ್ ಕೇಸಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಅದನ್ನೇ ಹೇಳುತ್ತವೆ. ಜಾಗ ಇರುವಷ್ಟು ಜನ ಕೂರಬಹುದು. ನ್ಯಾಯಾಧೀಶರು ಬೇಡ ಅಂದರೆ ಎದ್ದು ಬರಬೇಕು, ಅಷ್ಟೆ.

ಇನ್ನೊಂದು ಮುಖ್ಯ ಮಾತು. ಆ ಕೇಸಿನಲ್ಲಿ ನಿಮ್ಮ ಹೆಸರು ಸಾಕ್ಷಿ ಪಟ್ಟಿಯಲ್ಲಿದ್ದರೆ ಹಾಲಿನೊಳಗೆ ಕೂತು ಬೇರೆ ಸಾಕ್ಷಿಗಳ ಮಾತು ಕೇಳಬೇಡಿ. ನಿಮ್ಮ ಸಾಕ್ಷ್ಯಕ್ಕೇ ಅದು ಪೆಟ್ಟು.

ಬೇಕಾದ ಸಾಮಾನು

ಒಂದು ಉದ್ದ ನೋಟ್‌ಬುಕ್, ಎರಡು ಪೆನ್, ಫೋನಿನಲ್ಲಿ ಕೋರ್ಟು ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ಆ್ಯಪ್, ಒಂದು ಗುರುತಿನ ಚೀಟಿ, ನೀರಿನ ಬಾಟಲಿ. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೊರಡಿ. ಇದು ತಮಾಷೆಗೆ ಹೇಳಿದ್ದಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹಸಿದವನಿಗೆ ಕೆಣಕು ಮಾತು ಬೇಗ ತಾಗುತ್ತದೆ.

ನೋಟ್‌ಬುಕ್ ಅನ್ನು ಎರಡೂ ಕಡೆಯಿಂದ ಬಳಸಿ. ಮುಂದಿನಿಂದ ಕೇಸಿನ ವಿವರ. ಹಿಂದಿನಿಂದ ನಿಮಗೆ ಯಾರು, ಯಾವಾಗ, ಏನು ಅಂದರು ಅನ್ನುವುದು. ಎರಡನ್ನೂ ಬೆರೆಸಬೇಡಿ.

1. ಮೊದಲು ಕೇಸಿನ ನಂಬರು

ನಂಬರು ಇಲ್ಲದೆ ಕೋರ್ಟಿಗೆ ಹೋಗಬೇಡಿ. ಆ್ಯಪಿನಲ್ಲಿ ಕರ್ನಾಟಕ, ಆಮೇಲೆ ಹಾಸನ ಜಿಲ್ಲೆ, ಆಮೇಲೆ ನ್ಯಾಯಾಲಯ ಸಂಕೀರ್ಣ ಆರಿಸಿಕೊಳ್ಳಬೇಕು. ಇಲ್ಲೇ ಹಲವರು ಎಡವುತ್ತಾರೆ. ಅರಸೀಕೆರೆ, ಬೇಲೂರು, ಸಕಲೇಶಪುರ, ಹೊಳೆನರಸೀಪುರ ಅಂತ ತಾಲೂಕಿನ ಕೋರ್ಟುಗಳು ಬೇರೆ ಬೇರೆಯಾಗಿರುತ್ತವೆ. ಬೇಲೂರಿನ ಕೇಸನ್ನು ಹಾಸನದಲ್ಲಿ ಹುಡುಕಿ 'ಕೇಸೇ ಇಲ್ಲ, ಮುಚ್ಚಿಹಾಕಿದ್ದಾರೆ' ಅನ್ನುವವರಿದ್ದಾರೆ.

ಪಾರ್ಟಿ ಹೆಸರಿನಿಂದ ಹುಡುಕುವಾಗ ಇಡೀ ಹೆಸರು ಹೊಡೆಯಬೇಡಿ. ಕನಿಷ್ಠ ಮೂರು ಅಕ್ಷರ ಸಾಕು, ಜೊತೆಗೆ ವರ್ಷ ಕೊಡಬೇಕು. ಗೌಡ, ಶೆಟ್ಟಿ, ಸ್ವಾಮಿ ಅನ್ನುವುದನ್ನೆಲ್ಲ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಹೆಸರಿನ ಮೊದಲ ನಾಲ್ಕು ಅಕ್ಷರ ಹಾಕಿ, ಬಂದ ಪಟ್ಟಿಯಲ್ಲಿ ಕಣ್ಣಾಡಿಸಿ. ಬಾಕಿ ಇರುವ ಕೇಸು, ಮುಗಿದ ಕೇಸು ಎರಡನ್ನೂ ನೋಡಿ. ವರ್ಷ ಸರಿ ಗೊತ್ತಿಲ್ಲದಿದ್ದರೆ ಹಿಂದುಮುಂದಿನ ವರ್ಷವನ್ನೂ ಹಾಕಿ ನೋಡಿ.

ಸಿಕ್ಕ ಮೇಲೆ ಸಿಎನ್‌ಆರ್ ಸಂಖ್ಯೆ (ಒಂದೊಂದು ಕೇಸಿಗೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. 16 ಅಕ್ಷರ ಮತ್ತು ಅಂಕಿಗಳದ್ದು, ನಮ್ಮ ರಾಜ್ಯದ್ದು 'ಕೆ ಎ' ಅಂತ ಶುರುವಾಗುತ್ತದೆ. ಅದನ್ನು ಆ್ಯಪಿನಲ್ಲಿ ಉಳಿಸಿಕೊಂಡರೆ ಪ್ರತಿ ಸಲ ಹುಡುಕುವ ಕಷ್ಟವಿಲ್ಲ. ಓ.ಎಸ್. ಅಂದರೆ ಸಿವಿಲ್ ಮೂಲ ದಾವೆ. ಸಿ.ಸಿ. ಅಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸು. ಎಸ್.ಸಿ. ಅಂದರೆ ಸೆಷನ್ಸ್ ಕೇಸು. ಆರ್.ಎ. ಅಂದರೆ ಮೇಲ್ಮನವಿ. ಕ್ರಿಮಿನಲ್ ಕೇಸಿಗೆ ಠಾಣೆಯಲ್ಲಿ ಒಂದು ನಂಬರು, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು, ಸೆಷನ್ಸ್‌ಗೆ ಹೋದರೆ ಇನ್ನೊಂದು. ಹಳೇ ನಂಬರಿನಲ್ಲಿ 'ಮುಕ್ತಾಯ' ಅಂತ ಕಂಡರೆ ಕೇಸು ಬಿತ್ತು ಅಂತಲ್ಲ, ಮೇಲಕ್ಕೆ ಹೋಗಿರಬಹುದು.

ಕೇಸು ಹಾಸನದ್ದಾದರೂ ವಿಚಾರಣೆ ಹಾಸನದಲ್ಲೇ ಆಗಬೇಕು ಅಂತಿಲ್ಲ. ಇಲ್ಲಿಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ತೀರ್ಪು ಬಂದದ್ದು ಬೆಂಗಳೂರಿನ ವಿಶೇಷ ನ್ಯಾಯಾಲಯದಿಂದ. ಶಾಸಕರು, ಸಂಸದರ ಮೇಲಿನ ಕೇಸಾದರೆ ಅಲ್ಲೂ ಹುಡುಕಿ.

2. ಹಾಳೆ ಓದುವುದು

ಇದೇ ಇಡೀ ಕೆಲಸದ ತಿರುಳು. ಇದಕ್ಕೆ ಸಮಯ ಕೊಡಿ.

ಕೇಸಿನ ಪುಟದಲ್ಲಿ ಹಿಂದಿನ ತಾರೀಖುಗಳ ಪಟ್ಟಿ ಇರುತ್ತದೆ. ಒಂದೊಂದು ತಾರೀಖಿನ ಮೇಲೆ ಒತ್ತಿದರೆ ಆ ದಿನ ಏನಾಯಿತು ಅನ್ನುವುದು ತೆರೆಯುತ್ತದೆ. ಕೆಲವಕ್ಕೆ ಒಂದೇ ಸಾಲು, ಕೆಲವಕ್ಕೆ ಪೂರ್ತಿ ಆದೇಶ. ಮೊದಲ ತಾರೀಖಿನಿಂದ ಓದಿಕೊಂಡು ಬನ್ನಿ. ನೋಟ್‌ಬುಕ್ಕಿನಲ್ಲಿ ತಾರೀಖು, ಹಂತ, ಯಾರು ಹಾಜರಿದ್ದರು, ಮುಂದಿನ ವಾಯಿದೆ ಯಾವಾಗ ಅಂತ ನಾಲ್ಕು ಕಾಲಂ ಹಾಕಿ ತುಂಬಿಸಿ.

ಈಗ ನಮ್ಮ ಕೆರೆ ಕೇಸಿಗೆ ಬನ್ನಿ. 'ಅವರ ಕಡೆಗೇ ಆಯ್ತು' ಅಂದದ್ದು ಎಲ್ಲಿಂದ ಬಂತು? ಹಾಳೆ ನೋಡಿದರೆ ಬಹುಶಃ ಮಧ್ಯಂತರ ತಡೆಯಾಜ್ಞೆ ಸಿಕ್ಕಿರುತ್ತದೆ. ಅದು ತೀರ್ಪಲ್ಲ. ಪಂಚಾಯಿತಿಯ ಮಾತು ಕೇಳುವ ಮೊದಲೇ ಕೊಟ್ಟ ತಾತ್ಕಾಲಿಕ ಆದೇಶ ಇರಬಹುದು. ಹಾಗೆ ಕೊಟ್ಟರೆ ಆ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ಕೋರ್ಟ್ ಪ್ರಯತ್ನಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಯಥಾಸ್ಥಿತಿ ಅನ್ನುವುದೂ ಹಾಗೇ. ಇದ್ದದ್ದು ಇದ್ದ ಹಾಗೇ ಇರಲಿ ಅಂತ, ಇಬ್ಬರಿಗೂ ಅನ್ವಯ. ಒತ್ತುವರಿ ಮಾಡಿದವರಿಗೆ ಹೊಸದಾಗಿ ಬೇಲಿ ಹಾಕಲು ಪರವಾನಗಿ ಅಂತಲ್ಲ.

ಕ್ರಿಮಿನಲ್ ಕಡೆಯಲ್ಲೂ ಇಂಥದೇ ಗೊಂದಲ. ಜಾಮೀನು ಸಿಕ್ಕಿತು ಅಂದರೆ ಖುಲಾಸೆ ಆಯಿತು ಅಂತ ಪಟಾಕಿ ಹೊಡೆಯುತ್ತಾರೆ. ತನಿಖೆ 60 ಅಥವಾ 90 ದಿನದೊಳಗೆ ಮುಗಿದು ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಬರುತ್ತದೆ, ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿ ರಿಪೋರ್ಟ್ (ಕೇಸು ಮುಚ್ಚಬಹುದು ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ) ಹಾಕಿದರು ಅಂದರೂ ಕತೆ ಮುಗಿದಿಲ್ಲ. ದೂರು ಕೊಟ್ಟವರು ತಕರಾರು ಸಲ್ಲಿಸಬಹುದು.

ಎಚ್ಚರದ ಗುರುತುಗಳು ಹಾಳೆಯಲ್ಲೇ ಸಿಗುತ್ತವೆ. ಪಂಚಾಯಿತಿ ಪರವಾಗಿ ಯಾರೂ ಬಂದಿಲ್ಲ ಅಂತ ಮತ್ತೆ ಮತ್ತೆ ಕಾಣುವುದು ಒಂದು. ಲಿಖಿತ ಹೇಳಿಕೆಗೆ (ದಾವೆಗೆ ಪ್ರತಿವಾದಿ ಕೊಡುವ ಉತ್ತರಕ್ಕೆ) 30 ದಿನ, ಹೆಚ್ಚೆಂದರೆ 90 ದಿನ ಅಂತ ಇರುವಲ್ಲಿ ತಿಂಗಳುಗಟ್ಟಲೆ ಅದೇ ಹಂತ ನಿಂತಿರುವುದು ಇನ್ನೊಂದು. ಪ್ರತಿವಾದಿ ಎಕ್ಸ್‌ಪಾರ್ಟೆ ಅಂತ ಬರೆದಿದ್ದರೆ ಗಂಟೆ ಬಾರಿಸಿದ ಹಾಗೆ. ಎದುರು ಮಾತೇ ಇಲ್ಲದೆ ಕೇಸು ಮುಂದೆ ಹೋಗುತ್ತದೆ. ಇದ್ದಕ್ಕಿದ್ದಂತೆ ರಾಜಿಗೆ, ಲೋಕ ಅದಾಲತ್‌ಗೆ ಅಂತ ಬಂದರೂ ಗಮನಿಸಿ, ಯಾಕೆಂದರೆ ಲೋಕ ಅದಾಲತ್ತಿನಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಊರಿನವರು ಟೀ ಅಂಗಡಿಯಲ್ಲಿ ಕೂಗಾಡುತ್ತಿರುವಾಗ ಕೆರೆ ಕೈತಪ್ಪುವುದು ಸಾಮಾನ್ಯವಾಗಿ ಹೀಗೇ. ಗಲಾಟೆಯಿಲ್ಲದೆ, ಗೈರುಹಾಜರಿಯಿಂದ.

ಆದೇಶದ ದೃಢೀಕೃತ ನಕಲು ಬೇಕಾದರೆ ಅದೇ ಕೋರ್ಟಿನ ನಕಲು ಶಾಖೆಗೆ ಅರ್ಜಿ ಹಾಕಬೇಕು. ಕೇಸಿನಲ್ಲಿ ಪಾರ್ಟಿ ಅಲ್ಲದವರು ಯಾಕೆ ಬೇಕು ಅಂತ ಕಾರಣ ಬರೆಯಬೇಕಾಗುತ್ತದೆ. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ ತಿಂಗಳು ಕಾಯಬೇಡಿ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು ಅಂತ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

3. ಕೋರ್ಟ್ ಹಾಲಿನಲ್ಲಿ

ಹಿಂದಿನ ದಿನ ರಾತ್ರಿ ಕಾಸ್‌ಲಿಸ್ಟ್ (ಮರುದಿನ ಕೂಗುವ ಕೇಸುಗಳ ಪಟ್ಟಿ) ನೋಡಿ. ಕೇಸು ಪಟ್ಟಿಯಲ್ಲಿ ಎಷ್ಟನೆಯದು, ಯಾವ ಹಾಲ್ ಅಂತ ಬರೆದುಕೊಳ್ಳಿ. ಸಾಮಾನ್ಯವಾಗಿ 11 ಗಂಟೆಗೆ ಕಲಾಪ ಶುರು. ಅರ್ಧ ಗಂಟೆ ಮೊದಲೇ ಇರಿ. ಅರಕಲಗೂಡು ಕಡೆಯಿಂದ ಬರುವವರು ಒಂದು ಬಸ್ ಮುಂಚೆ ಹೊರಡುವುದು ಒಳ್ಳೆಯದು.

ಫೋನು ಆಫ್ ಮಾಡಿ. ಸೈಲೆಂಟ್ ಸಾಲದು. ರೆಕಾರ್ಡಿಂಗ್, ಫೋಟೋ ಬೇಡವೇ ಬೇಡ. ಹೈಕೋರ್ಟಿನ ನೇರಪ್ರಸಾರವನ್ನು ಕೂಡ ಕತ್ತರಿಸಿ ಹಂಚುವಂತಿಲ್ಲ ಅಂತ ನಿಯಮವಿದೆ. ಮುಂದಿನ ಕುರ್ಚಿಗಳು ವಕೀಲರದ್ದು, ಹಿಂದಿನ ಬೆಂಚಿನಲ್ಲಿ ಕೂರಿ. ನ್ಯಾಯಾಧೀಶರು ಬಂದಾಗ ಏಳಿ. 'ನೀವ್ಯಾರು?' ಅಂತ ಸಿಬ್ಬಂದಿ ಕೇಳಿದರೆ 'ಕಲಾಪ ನೋಡಲು ಬಂದಿದ್ದೇನೆ ಸರ್' ಅಂದರೆ ಸಾಕು.

ಬೆಳಿಗ್ಗೆ ಒಂದೊಂದೇ ಕೇಸು ಕೂಗುತ್ತಾ ಹೋಗುತ್ತಾರೆ. ಹಲವಕ್ಕೆ ಎರಡು ನಿಮಿಷದಲ್ಲಿ ವಾಯಿದೆ ಬೀಳುತ್ತದೆ. ಸಾಕ್ಷಿ ವಿಚಾರಣೆ, ಪಾಟೀಸವಾಲು, ವಾದ ಇದ್ದರೆ ಆಮೇಲೆ ತೆಗೆದುಕೊಳ್ಳುವುದೇ ಹೆಚ್ಚು. ನಿಮ್ಮ ಕೇಸು ಕೂಗಿದಾಗ ಯಾರು ಎದ್ದು ನಿಂತರು, ಏನು ಕೇಳಿದರು, ಮುಂದಿನ ತಾರೀಖು ಏನು ಅಂತ ಬರೆಯಿರಿ. ಕೇಳಿಸದಿದ್ದರೆ ಊಹೆ ಮಾಡಬೇಡಿ. ಜಾಗ ಖಾಲಿ ಬಿಡಿ, ಸಂಜೆ ಆ್ಯಪಿನಲ್ಲಿ ಬಂದ ಮೇಲೆ ತುಂಬಿಸಿ.

ಸಾಕ್ಷಿ ಹೇಳಲು ಬಂದವರ ಜೊತೆ ಕೇಸಿನ ಮಾತು ಆಡಬೇಡಿ, ಅವರು ನಿಮ್ಮ ಪಕ್ಕದ ಮನೆಯ ಸೋದರಮಾವನೇ ಆಗಿರಲಿ. ನ್ಯಾಯಾಧೀಶರಿಗೆ ಪತ್ರ ಬರೆಯುವುದು, ಚೇಂಬರ್ ಹತ್ತಿರ ನಿಂತು ಕೈ ಮುಗಿಯುವುದು ಬೇಡ. ಊರಿನ ಒಳ್ಳೆಯದಕ್ಕೇ ಅಂತ ಮಾಡಿದರೂ ಅದು ಕೇಸಿಗೆ ಕೆಟ್ಟದ್ದು.

4. ಹಾಲಿನ ಹೊರಗೆ: ಕೆಣಕುವವರು

ತೊಂದರೆ ಶುರುವಾಗುವುದು ಮೆಟ್ಟಿಲ ಹತ್ತಿರ. ಎದುರು ಪಾರ್ಟಿಯ ಕಡೆಯವನು ಬರುತ್ತಾನೆ. 'ಏನಣ್ಣ, ನಿಂಗೇನ್ ಕ್ಯಾಮೆ ಇಲ್ಲಿ?' ಅನ್ನುತ್ತಾನೆ. ಮೊದಲ ತಪ್ಪು ಇಲ್ಲೇ ಆಗುತ್ತದೆ. ನಾವು ವಿವರಣೆ ಕೊಡಲು ಶುರು ಮಾಡುತ್ತೇವೆ. ಕೆರೆ ನಮ್ಮ ತಾತನ ಕಾಲದ್ದು, ನೀರು ಎಲ್ಲರದ್ದು, ಪಹಣಿಯಲ್ಲಿ ಹೀಗಿದೆ ಅಂತ. ಅವನಿಗೆ ಪಹಣಿ ಬೇಕಾಗಿಲ್ಲ. ನಿಮ್ಮ ಬಾಯಿಂದ ಒಂದು ಬಿಸಿ ಮಾತು ಬೇಕು, ನಾಲ್ಕು ಜನರ ಮುಂದೆ.

ಹಾಗಾಗಿ ಉತ್ತರವನ್ನು ಮನೆಯಲ್ಲೇ ತಯಾರು ಮಾಡಿಟ್ಟುಕೊಂಡು ಬನ್ನಿ. 'ಕೇಳೋಕೆ ಬಂದಿದೀನಿ ಅಣ್ಣ.' ಅಷ್ಟೇ. ಎರಡನೇ ಸಲ ಕೇಳಿದರೂ ಅದೇ. ಮೂರನೇ ಸಲ ಉತ್ತರವೇ ಬೇಡ, ನಡೆಯಿರಿ. ನಗಬೇಡಿ, ಹಂಗಿಸುವ ಧಾಟಿ ಬೇಡ. ತಣ್ಣಗೆ ಹೇಳುವುದಕ್ಕೂ ಕುಟುಕುವುದಕ್ಕೂ ವ್ಯತ್ಯಾಸ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

ತಲೆ ಕೆಡಿಸಿಕೊಳ್ಳದೆ ಇರುವುದು ಅಂದರೆ ಏನೂ ಅನ್ನಿಸದೆ ಇರುವುದಲ್ಲ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮನೆಗೆ ಹೋದ ಮೇಲೆ 'ಹೀಗೆ ಅನ್ನಬೇಕಿತ್ತು' ಅಂತ ಹತ್ತು ಉತ್ತರ ಹೊಳೆಯುತ್ತವೆ. ಹೊಳೆಯಲಿ ಬಿಡಿ. ಆಗ ಕೈಗೆ ಕೆಲಸ ಕೊಡಿ. ನೋಟ್‌ಬುಕ್ ಹಿಂದಿನಿಂದ ತೆರೆದು ತಾರೀಖು, ಹೊತ್ತು, ಜಾಗ, ಅವನು ಆಡಿದ ಮಾತು ಇದ್ದದ್ದು ಇದ್ದ ಹಾಗೆ, ಹತ್ತಿರ ಯಾರಿದ್ದರು ಅಂತ ಬರೆಯಿರಿ. 'ಕೆಟ್ಟದಾಗಿ ಬೈದ' ಅಂತಲ್ಲ, ಬೈದ ಶಬ್ದವನ್ನೇ ಬರೆಯಿರಿ. ಬರೆಯುವ ಹೊತ್ತಿಗೆ ಸಿಟ್ಟಿನ ಅರ್ಧ ಇಳಿದಿರುತ್ತದೆ, ಉಳಿದರ್ಧಕ್ಕೆ ಮಹಾರಾಜ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ ಆಮೇಲೆ ಬಸ್ ಹತ್ತಿ.

ಒಬ್ಬರೇ ಹೋಗಬೇಡಿ, ಹತ್ತು ಜನರೂ ಹೋಗಬೇಡಿ. ಒಬ್ಬರಾದರೆ ಸಾಕ್ಷಿ ಇಲ್ಲ. ಹತ್ತು ಜನರಾದರೆ ಅದು ಗುಂಪು, ಅದರಲ್ಲಿ ಒಬ್ಬನಾದರೂ ಬಾಯಿ ಬಿಡುತ್ತಾನೆ. ಇಬ್ಬರು ಸರಿ, ಮತ್ತು ಇಬ್ಬರಲ್ಲಿ ಮಾತಾಡುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರಲಿ. ಮುಂಗೋಪಿಯನ್ನು ಪ್ರೀತಿಯಿಂದಲೇ ಮನೆಯಲ್ಲಿ ಬಿಟ್ಟು ಬನ್ನಿ.

ಕೆಣಕುವವರು ಯಾವಾಗಲೂ ಜೋರಾಗಿಯೇ ಬರುತ್ತಾರೆ ಅಂತಿಲ್ಲ. ಕೆಲವರು ಬಹಳ ಮೆತ್ತಗೆ ಬರುತ್ತಾರೆ. 'ಕಾಫಿ ಕುಡಿಯೋಣ ಬನ್ನಿ ಗೌಡ್ರೆ, ನಿಮಗ್ಯಾಕೆ ಈ ಊರ ಉಸಾಬರಿ, ಮಗಳ ಮದುವೆ ಬೇರೆ ಹತ್ರ ಬಂತು' ಅಂತ. ಇದು ಬೈಗುಳಕ್ಕಿಂತ ಹೆಚ್ಚು ಕಾಡುತ್ತದೆ, ಅಲ್ವಾ? ಕಾಫಿ ಬೇಡ ಅನ್ನಿ, ಕೈ ಮುಗಿಯಿರಿ, ಈ ಮಾತನ್ನೂ ಬರೆದಿಡಿ.

ನಮ್ಮ ಕಡೆ ಎದುರು ಪಾರ್ಟಿ ಅಂದರೆ ದೂರದವರಲ್ಲ. ಅಣ್ಣತಮ್ಮಂದಿರ ಸಾಲಿನವರು, ಬೀಗರು, ಒಂದೇ ಹಾಲಿನ ಡೇರಿಗೆ ಹಾಲು ಹಾಕುವವರು. ಹೋಗುವುದು ಬರುವುದು ನಿಲ್ಲಿಸಬೇಡಿ. ಮದುವೆಗೆ ಹೋಗಿ, ಸಾವಿಗೆ ಹೋಗಿ, ಮುಯ್ಯಿ ಓದಿಸಿ. ಆದರೆ ಬೀಗರೂಟದ ಪಂಕ್ತಿಯಲ್ಲಿ ಕೇಸಿನ ಮಾತು ಬಂದರೆ 'ಅದು ಕೋರ್ಟಲ್ಲಿದೆ, ಅಲ್ಲೇ ಆಗ್ಲಿ ಬಿಡಿ' ಅಂತ ಹೇಳಿ ಎಲೆಯ ಕಡೆ ನೋಡಿ. ಕುಡಿದವರ ಜೊತೆ ಈ ಒಂದು ಮಾತೂ ಬೇಡ.

5. ಊರಿಗೆ ಬಂದ ಮೇಲೆ ಹೇಳುವುದು, ಬರೆಯುವುದು

ಅದೇ ದಿನ ಸಂಜೆ ಏನನ್ನೂ ಹಾಕಬೇಡಿ. ಆ್ಯಪಿನಲ್ಲಿ ಆ ದಿನದ ವಿವರ ಬಂದ ಮೇಲೆ ಹೋಲಿಸಿ ನೋಡಿ, ಆಮೇಲೆ ಮೂರು ಸಾಲು ಬರೆಯಿರಿ. ಕೇಸಿನ ನಂಬರು, ಇವತ್ತು ಆದದ್ದು, ಮುಂದಿನ ವಾಯಿದೆ. 'ಪಂಚಾಯಿತಿ ಪರ ವಕೀಲರು ಹಾಜರಿರಲಿಲ್ಲ' ಅನ್ನಬಹುದು, ಅದು ಹಾಳೆಯಲ್ಲಿ ಇದ್ದರೆ. 'ವಕೀಲರು ದುಡ್ಡು ತಿಂದಿದ್ದಾರೆ' ಅನ್ನುವಂತಿಲ್ಲ. ಎರಡನೆಯದನ್ನು ಅಂದ ಕ್ಷಣ ನೀವು ಕೆರೆಯ ಪರ ಮಾತಾಡುವವರಲ್ಲ, ಮಾನನಷ್ಟ ಕೇಸಿನ ಆರೋಪಿ. ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಕೋರ್ಟಿನ ಕಲಾಪದ ನಿಜವಾದ ವರದಿ ಮಾಡುವವರಿಗೆ ಅದೇ ಕಲಮಿನಲ್ಲಿ ರಕ್ಷಣೆಯೂ ಇದೆ.

ನ್ಯಾಯಾಂಗ ನಿಂದನೆಯ ಲೆಕ್ಕವೂ ಹೆಚ್ಚುಕಮ್ಮಿ ಹೀಗೇ. 1971ರ ಕಾಯ್ದೆ ನ್ಯಾಯವಾದ, ಸರಿಯಾದ ವರದಿಯನ್ನು ನಿಂದನೆ ಅನ್ನುವುದಿಲ್ಲ. ಮುಗಿದ ಕೇಸಿನ ತೀರ್ಪನ್ನು ಸಭ್ಯವಾಗಿ ವಿಮರ್ಶೆ ಮಾಡುವುದನ್ನೂ ಅನ್ನುವುದಿಲ್ಲ. ನ್ಯಾಯಾಧೀಶರ ಜಾತಿ, ಊರು, ಉದ್ದೇಶ ಎತ್ತಿದರೆ ಬೇರೆ ಮಾತು. ಆರು ತಿಂಗಳವರೆಗೆ ಸಾದಾ ಸಜೆ ಇಲ್ಲವೇ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಲೈಂಗಿಕ ಅಪರಾಧದಲ್ಲಿ ನೊಂದವರ ಹೆಸರು, ಫೋಟೋ, ಊರು, ಗುರುತು ಸಿಗುವಂಥ ಯಾವುದನ್ನೂ ಹಾಕಬೇಡಿ. ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಅದಕ್ಕೂ ಎರಡು ವರ್ಷದವರೆಗೆ ಜೈಲು. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದಾಗ 'ಸತ್ಯ ಹೊರಗೆ ಬರಲಿ' ಅಂತ ಫಾರ್ವರ್ಡ್ ಮಾಡಿದವರು ನೊಂದ ಹೆಂಗಸರನ್ನು ಇನ್ನೊಂದು ಸಲ ನೋಯಿಸಿದರು, ಬೇರೇನೂ ಆಗಲಿಲ್ಲ. ನನ್ನ ಮಟ್ಟಿಗೆ ಅದು ಸಾರ್ವಜನಿಕ ಹಿತಾಸಕ್ತಿ ಅಲ್ಲವೇ ಅಲ್ಲ.

ಗ್ರೂಪಿನಲ್ಲಿ ಯಾರಾದರೂ ಎಳೆದಾಡಿದರೆ ಒಂದೇ ಒಂದು ಸಲ ಹಾಳೆಯ ಸಾಲನ್ನು ಮತ್ತೆ ಹಾಕಿ. ಆಮೇಲೆ ಮ್ಯೂಟ್. ವಾಯ್ಸ್ ಮೆಸೇಜ್ ಕಳಿಸಲೇಬೇಡಿ, ಅದರ ಹತ್ತು ಸೆಕೆಂಡು ಕತ್ತರಿಸಿ ಇಡೀ ತಾಲೂಕಿಗೆ ಹಂಚುತ್ತಾರೆ. ರಾತ್ರಿ ಊಟವಾದ ಮೇಲೆ ಬರುವ ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಡಿ. ಗ್ರೂಪಿನಿಂದ ಸಿಟ್ಟು ಮಾಡಿಕೊಂಡು ಹೊರಗೆ ಬರುವುದೂ ಬೇಡ. ಅಲ್ಲಿ ಏನು ಬರುತ್ತಿದೆ ಅನ್ನುವುದು ಗೊತ್ತಿರುವುದು ಒಳ್ಳೆಯದು.

6. ಸುಮ್ಮನಿರುವುದು ಎಲ್ಲಿಗೆ ನಿಲ್ಲಬೇಕು

ಬೈದರೆ ಸುಮ್ಮನಿರಿ. ಬೆದರಿಸಿದರೆ ಸುಮ್ಮನಿರಬೇಡಿ. ಬೈಕ್ ಅಡ್ಡಗಟ್ಟುವುದು, ಹಿಂಬಾಲಿಸುವುದು, ಪಂಪ್‌ಸೆಟ್ ವೈರ್ ಕತ್ತರಿಸುವುದು, ತೋಟದ ಗಿಡ ಕಡಿಯುವುದು, ಮಗಳ ಫೋಟೋ ಗ್ರೂಪಿಗೆ ಹಾಕುವುದು, 'ಕೈಕಾಲು ಮುರೀತೀನಿ' ಅನ್ನುವುದು. ಇಲ್ಲಿಂದಾಚೆಗೆ ತಾಳ್ಮೆ ತೋರಿಸಿದರೆ ಅವರಿಗೆ ಅದು ಅನುಮತಿ ಥರ ಕಾಣುತ್ತದೆ.

ಆ ಕ್ಷಣಕ್ಕೆ ಅಪಾಯ ಇದ್ದರೆ 112. ಇಲ್ಲದಿದ್ದರೆ ದೂರನ್ನು ಬರೆದು ಎರಡು ಪ್ರತಿ ಮಾಡಿ ಠಾಣೆಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಅಥವಾ ಸ್ವೀಕೃತಿ ತೆಗೆದುಕೊಳ್ಳಿ. ನೋಟ್‌ಬುಕ್ ಹಿಂಭಾಗ ಈಗ ಕೆಲಸಕ್ಕೆ ಬರುತ್ತದೆ, ತಾರೀಖುವಾರು ನಕಲು ಮಾಡಿದರೆ ದೂರು ತಯಾರು. ಮೆಸೇಜುಗಳ ಸ್ಕ್ರೀನ್‌ಶಾಟಿನಲ್ಲಿ ನಂಬರು, ಸಮಯ ಕಾಣಲಿ. ಮೂಲ ಮೆಸೇಜ್ ಅಳಿಸಬೇಡಿ, ಫೋನ್ ಬದಲಾಯಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಬಹುದು, ಕಾನೂನಿನಲ್ಲೇ ಅದಕ್ಕೆ ದಾರಿ ಇದೆ. ಕೊಲ್ಲುವ, ತೀವ್ರ ಗಾಯ ಮಾಡುವ ಬೆದರಿಕೆಗೆ ಏಳು ವರ್ಷದವರೆಗೆ ಶಿಕ್ಷೆ.

ನೀವು ಸಾಕ್ಷಿಯಾಗಿದ್ದರೆ ಇನ್ನೊಂದು ಬಾಗಿಲು ಇದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ರಕ್ಷಣೆ ಕೇಳಿ ಅರ್ಜಿ ಹಾಕಬಹುದು. ಗಂಭೀರ ಕ್ರಿಮಿನಲ್ ಕೇಸುಗಳಿಗೆ ಇದು.

'ನಿನ್ನ ಬಾಯಿ ಮುಚ್ಚಿಸಲು ಸ್ಟೇ ತರ್ತೀನಿ' ಅಂತ ಯಾರಾದರೂ ಅಂದರೆ ಹೆದರುವ ಬದಲು ವಕೀಲರ ಮೂಲಕ ಕೇವಿಯಟ್ ಹಾಕಿಸಿ. ನಿಮಗೆ ತಿಳಿಸದೆ ಆದೇಶ ಆಗದ ಹಾಗೆ ಅದು ತಡೆಯುತ್ತದೆ. 90 ದಿನ ಇರುತ್ತದೆ, ಆಮೇಲೆ ಬೇಕಾದರೆ ಮತ್ತೆ ಹಾಕಬೇಕು. ವಕೀಲರಿಗೆ ದುಡ್ಡಿಲ್ಲ ಅನ್ನುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಇದೆ.

7. ಪಂಚಾಯಿತಿಯೇ ನಿದ್ದೆ ಮಾಡುತ್ತಿದ್ದರೆ

ಹಾಳೆಯಲ್ಲಿ ಗೈರುಹಾಜರಿ ಕಂಡರೆ ಕೋರ್ಟಿನ ಮುಂದೆ ಧಿಕ್ಕಾರ ಕೂಗುವುದು ಬೇಡ. ಕೆಲಸ ಇರುವುದು ಪಂಚಾಯಿತಿ ಕಚೇರಿಯಲ್ಲಿ. ಪಿಡಿಒ ಅವರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ಕತೆ ಬರೆಯಬೇಡಿ. ವಕೀಲರನ್ನು ನೇಮಿಸಿದ ಆದೇಶದ ಪ್ರತಿ, ವಕಾಲತ್ತು ಹಾಕಿದ ದಿನ, ಲಿಖಿತ ಹೇಳಿಕೆಯ ಪ್ರತಿ. ಇಷ್ಟು ಕೇಳಿ. ಉತ್ತರಕ್ಕೆ 30 ದಿನ.

ಜೊತೆಗೆ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆಯನ್ನು ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ಸೇರಿಸಲು ಹೇಳಿ. ಊರಿನವರೇ ಕೇಸಿನಲ್ಲಿ ಪಾರ್ಟಿಯಾಗಿ ಸೇರಲು ಅರ್ಜಿ ಹಾಕುವ ದಾರಿಯೂ ಇದೆ, ಕೋರ್ಟ್ ಒಪ್ಪಿದರೆ. ಅದು ವಕೀಲರ ಜೊತೆ ಕೂತು ತೀರ್ಮಾನಿಸುವ ಮಾತು. ಪಿಐಎಲ್ (ಸಾರ್ವಜನಿಕ ಹಿತಾಸಕ್ತಿ ಅರ್ಜಿ) ಹಾಕೋಣ ಅಂತ ಎಲ್ಲರೂ ಮೊದಲೇ ಹೇಳುತ್ತಾರೆ. ಅದು ಜಿಲ್ಲಾ ಕೋರ್ಟಿನಲ್ಲಿ ಆಗುವುದಿಲ್ಲ, ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕು. ಪಂಚಾಯಿತಿಯ ಬಾಗಿಲು ತಟ್ಟಿದ ಕಾಗದಗಳಿಲ್ಲದೆ ಹೋದರೆ 'ಮೊದಲು ಅಲ್ಲಿ ಕೇಳಿದಿರಾ?' ಅನ್ನುವ ಪ್ರಶ್ನೆಗೆ ಉತ್ತರ ಇರುವುದಿಲ್ಲ.

8. ತೀರ್ಪಿನ ದಿನ, ಆಮೇಲಿನ 30 ದಿನ

ತೀರ್ಪಿನ ದಿನ ಹಾಲಿನಲ್ಲಿ ಗೆದ್ದರೂ ಕೂಗಬೇಡಿ, ಸೋತರೂ ಗೊಣಗಬೇಡಿ. ಅವತ್ತು ಎರಡೂ ಕಡೆ ಜನ ಜಾಸ್ತಿ ಇರುತ್ತಾರೆ, ಬಿಸಿಯೂ ಜಾಸ್ತಿ. ಕೊನೆಯ ಆದೇಶದ ಸಾಲು ಬರೆದುಕೊಂಡು, ಹೊರಗೆ ಯಾರ ಜೊತೆಗೂ ನಿಲ್ಲದೆ ನೇರ ಬಸ್ ಸ್ಟ್ಯಾಂಡಿಗೆ ಹೋಗಿ. ಅಭಿನಂದನೆ ಹೇಳಲು ಬಂದವರ ಜೊತೆಗೂ ಅಲ್ಲಿ ನಿಲ್ಲಬೇಡಿ.

ಪಂಚಾಯಿತಿ ಸೋತಿದ್ದರೆ ಗಡಿಯಾರ ಆಗಲೇ ಓಡುತ್ತಿದೆ. ಸಿವಿಲ್ ಕೇಸಿನ ತೀರ್ಪಿನ (ಡಿಕ್ರಿಯ) ಮೇಲೆ ಜಿಲ್ಲೆಯೊಳಗಿನ ಕೋರ್ಟಿಗೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90 ದಿನ. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಅದು ಕೈಗೆ ಬರಲು ಹಿಡಿದ ದಿನಗಳನ್ನು ಇದರಲ್ಲಿ ಬಿಟ್ಟು ಲೆಕ್ಕ ಹಾಕುತ್ತಾರೆ. ಹಾಗಂತ ನಕಲಿಗೆ ಅರ್ಜಿ ಹಾಕದೆ ಕೂತ ದಿನಗಳು ಮಾಫಿ ಆಗುವುದಿಲ್ಲ. ತೀರ್ಪು ಬಂದ ವಾರದೊಳಗೆ ಪಿಡಿಒ ಮತ್ತು ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಕೇಸಿನ ನಂಬರು, ತೀರ್ಪಿನ ತಾರೀಖು, ನಕಲಿಗೆ ಅರ್ಜಿ ಹಾಕಿದ್ದೀರಾ, ಮೇಲ್ಮನವಿ ಯಾವತ್ತು ಅಂತ ಕೇಳಿ. ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡ ಪ್ರತಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ, 20ನೇ ದಿನ ಮತ್ತೆ ಹೋಗಿ ಕೇಳಿ.